ನೆಲದ ಬಿರುಕು ಹೇಳುವ ಮಾತು

ಅಕ್ಕಲಕೋಟೆ ಸೀಮೆಯ ಈ ಕನ್ನಡ ಶಾಲೆಯಲ್ಲಿ ಬಹುಕಾಲ ಭೂಗೋಳ ಬೋಧಿಸಿದ ನನಗೆ, 1993ರ ಸೆಪ್ಟೆಂಬರ್ 30ರ ತರುವಾಯ ಆ ಪಾಠ ಮೊದಲಿನಂತೆ ಉಳಿಯಲಿಲ್ಲ. ನಮಗೆ ದೂರವಲ್ಲದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಅಂದಿನ ನಸುಕಿನ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. “ಗುರುಗಳೇ, ನೆಲಾ ಹರದು ನಮ್ಮ ಊರನೂ ನುಂಗತೈತೇನ್ರೀ?” ಎಂದು ಮಕ್ಕಳು ಕೇಳತೊಡಗಿದರು. ಈ ಭಯಕ್ಕೆ ಸಾಂತ್ವನವಷ್ಟೇ ಸಾಲದು, ತಿಳಿವಳಿಕೆಯೂ ಬೇಕೆಂದು ನನಗೆ ತೋರಿತು.

ನೆಲವು ಒತ್ತಡಕ್ಕೆ ಕುಗ್ಗುವುದುಂಟು, ಎಳೆತಕ್ಕೆ ಹಿಗ್ಗುವುದೂ ಉಂಟು. ಯಾವುದು ನಡೆದಿದೆಯೆಂಬುದನ್ನು ಸ್ತರಭಂಗವೇ ಹೇಳುತ್ತದೆ. ಓರೆಯಾದ ಬಿರುಕಿನ ಮೇಲೊರಗಿದ ಬಂಡೆ ಮೇಲೇರಿದರೆ ಅಲ್ಲಿರುವುದು ಒತ್ತಡ; ಕೆಳಜಾರಿದರೆ ಎಳೆತ. ಕಿಲ್ಲಾರಿಯಲ್ಲಿ ಬಂಡೆ ಮೇಲೇರಿತು. ಭಾರತದ ಭೂಫಲಕ ಉತ್ತರದಲ್ಲಿ ಏಷ್ಯಾವನ್ನು ಒತ್ತುತ್ತಿರುವುದರ ಕುರುಹದು. ಅಲ್ಲಿ ಜನರನ್ನು ಕೊಂದದ್ದು ಬಾಯ್ದೆರೆದ ಭೂಮಿಯಲ್ಲ, ಮಲಗಿದ್ದವರ ಮೇಲೆ ಕುಸಿದ ಕಲ್ಲು–ಮಣ್ಣಿನ ದಪ್ಪ ಗೋಡೆಗಳು.

ಎಳೆತವನ್ನು ವಿವರಿಸಲು ನಾನು ಕಪಾಟಿನ ಪುಸ್ತಕಗಳನ್ನು ತೋರಿಸುತ್ತಿದ್ದೆ. ಒತ್ತಾಗಿ ನಿಂತ ಸಾಲಿನ ಒಂದು ಬದಿಯ ಆಧಾರ ತೆಗೆದರೆ ಪುಸ್ತಕಗಳು ಓರೆಯಾಗಿ ಜಾರುತ್ತವೆ. ಸಾಲು ಉದ್ದವಾಗುತ್ತದೆ, ಎತ್ತರ ತಗ್ಗುತ್ತದೆ. ಅಮೆರಿಕದ ನೆವಾಡ, ಐಡಾಹೊ ಪ್ರಾಂತಗಳ ಸಾಲುಬೆಟ್ಟಗಳೂ ನಡುವಣ ಕಣಿವೆಗಳೂ ರೂಪುಗೊಂಡದ್ದು ಹೀಗೆಯೇ. 1983ರ ಅಕ್ಟೋಬರ್ 28ರಂದು ಐಡಾಹೊದ ಬೋರಾ ಶಿಖರದ ಸಮೀಪ ಭೂಮಿ ನಡುಗಿದಾಗ, ಬೆಟ್ಟದ ಬುಡದಲ್ಲಿ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ನೆಲ ಮೆಟ್ಟಿಲಿನಂತೆ ಕತ್ತರಿಸಿತು. ಕೆಲವೆಡೆ ಕಣಿವೆಯು ಬೆಟ್ಟದಿಂದ ಸುಮಾರು ಎರಡೂವರೆ ಮೀಟರ್ ಕೆಳಗೆ ಸರಿಯಿತು.

ಇದಕ್ಕಿಂತ ಬೆರಗಿನ ಸಂಗತಿ 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯದ ಅಫಾರ್ ಸೀಮೆಯಲ್ಲಿ ನಡೆಯಿತು. ಭೂಕಂಪಗಳು ಸಾಲುಸಾಲಾಗಿ ಬಂದವು. ಸುಮಾರು 60 ಕಿಲೋಮೀಟರ್ ಉದ್ದದ ಸೀಳಿನಲ್ಲಿ ಶಿಲಾರಸ ನುಗ್ಗಿತು. ಇಕ್ಕೆಲಗಳು ಕೆಲವೆಡೆ 8 ಮೀಟರಿನಷ್ಟು ದೂರ ಸರಿದವು. ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಶತಮಾನಗಳಿಂದ ಕೂಡಿಬಂದ ಎಳೆತವು ಕೆಲವೇ ವಾರಗಳಲ್ಲಿ ಹೀಗೆ ಸಡಿಲಗೊಂಡಿತು. ಆಫ್ರಿಕ ಮತ್ತು ಅರೇಬಿಯ ಅಗಲುತ್ತಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಾಲೆಯ ಇಂದಿನ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಎಲ್ಲಿಯಾದರೂ ಭೂಕಂಪವಾದ ಸುದ್ದಿ ಬಂದರೆ, ಅದರ ತೀವ್ರತೆ ಎಷ್ಟೆಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಅಲ್ಲಿಯ ನೆಲ ಯಾವ ಕಡೆ ಸರಿಯಿತು, ಗೋಡೆಗಳನ್ನು ಹೇಗೆ ಕಟ್ಟಿದ್ದರು ಎಂದೂ ಕೇಳಿರಿ. ಮೊದಲನೆಯ ಪ್ರಶ್ನೆ ಭೂಮಿಯನ್ನು ಅರಿಯಲು. ಎರಡನೆಯದು ಅದರ ಮೇಲೆ ಬಾಳಲು.