ಯಾರ ಕಡೆಯ ಹುಡುಗ?

ಪಟ್ಟಣದಲ್ಲಿ ಕೆಲಸ ಬೇಕಾದವನು ಪತ್ರಿಕೆಯ ಜಾಹೀರಾತು ನೋಡುತ್ತಾನೆ. ಹಳ್ಳಿಯಲ್ಲಿ ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಕೆಲಸವೇ ಇಲ್ಲವೆಂದಲ್ಲ. ದಿನಸಿ ಅಂಗಡಿಯವನಿಗೆ ಲೆಕ್ಕ ಬರೆಯುವವನು ಬೇಕು. ಎದುರುಮನೆಯ ಯಜಮಾನರಿಗೆ ಮಗನ ಗಣಿತ ತಿದ್ದುವವನು ಬೇಕು. ಆದರೆ ಹಾಗೆ ಬೇಕೆಂಬ ಸಂಗತಿ ಅವರಿಗೇ ನೆನಪಿರುವುದಿಲ್ಲ. ಗೊತ್ತಿರುವ ಹುಡುಗನೊಬ್ಬ ಕಣ್ಣೆದುರು ಸುಳಿದಾಗ ಮಾತ್ರ ನೆನಪಾಗುತ್ತದೆ. ಪರ ಊರಿನಿಂದ ಓದಲು ಬಂದವನ ಕಷ್ಟವೆಲ್ಲ ಆ ‘ಗೊತ್ತಿರುವ’ ಎಂಬ ಒಂದು ಮಾತಿನಲ್ಲಿದೆ.

ನಾನು ಇಂಜನಿಯರಿಂಗ್ ಓದಲೆಂದು ಹುಣಸಮಾರನಹಳ್ಳಿಗೆ ಬಂದದ್ದು 1999ರಲ್ಲಿ. ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಿಕ್ಕುವ ಊರು. ಆಗಿನ್ನೂ ವಿಮಾನ ನಿಲ್ದಾಣ ಬಂದಿರಲಿಲ್ಲ. ಸುತ್ತ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ. ಬೆಟ್ಟಹಲಸೂರಿನ ಕಡೆ ಕಲ್ಲಿನ ಕೋರೆಗಳು. ಊರಿನವರ ಮಾತಿನಲ್ಲಿ ತೆಲುಗು ನೆಂಟನಂತೆ ಬಂದು ಹೋಗುತ್ತಿತ್ತು. “ಯಾವೂರಪ್ಪಾ ನಿಂದು?” ಎಂದು ಕೇಳಿದವರಿಗೆ “ಸಾಗರದ ಕಡೆ” ಎಂದರೆ, “ಓ, ಸಮುದ್ರದ ಪಕ್ಕವಾ?” ಎನ್ನುತ್ತಿದ್ದರು. ಆ ಸಾಗರ ಬೇರೆ, ಇದು ಮಲೆನಾಡು, ಅಡಕೆ ಬೆಳೆಯುವ ಸೀಮೆ ಎಂದು ಕೆಲವು ದಿನ ವಿವರಿಸಿದೆ. ಆಮೇಲೆ ಸಮುದ್ರವನ್ನೇ ಒಪ್ಪಿಕೊಂಡೆ.

ಮೊದಲ ವರ್ಷ ಊರಿನಿಂದ ಬರುವ ಮನಿಯಾರ್ಡರಿನಲ್ಲಿ ಕಳೆಯಿತು. ನಮ್ಮದು ಸಣ್ಣ ತೋಟ. 2000ದ ನಂತರ ಅಡಕೆಯ ಬೆಲೆ ಕುಸಿದದ್ದು ಮಲೆನಾಡಿನವರಿಗೆಲ್ಲ ನೆನಪಿರಬಹುದು. ಮನಿಯಾರ್ಡರು ಮೊದಲು ತಡವಾಯಿತು, ಆಮೇಲೆ ತೆಳುವಾಯಿತು. “ಈ ತಿಂಗಳು ಹೇಗಾದರೂ ಸುಧಾರಿಸಿಕೊ” ಎಂದು ಅಪ್ಪ ಬರೆದರು. ಅವರು ಹಾಗೆ ಬರೆಯುವ ಜನವಲ್ಲ. ಕೆಲಸ ಸಿಕ್ಕದಿದ್ದರೆ ಓದು ನಿಲ್ಲುತ್ತದೆಂದು ನನಗೆ ಆ ಕಾಗದದಿಂದಲೇ ತಿಳಿಯಿತು.

ನಮ್ಮ ಊರಿನ ಕಾಲೇಜಿಗೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇದೇ ಉತ್ತರ ದಿಕ್ಕಿನಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಕೊಡಗಿನವರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ದಿನ ನೂಕಿದರು, 1881ರಲ್ಲಿ ಬಿ.ಎ. ಮುಗಿಸಿ ಪುಣೆಗೆ ಇಂಜನಿಯರಿಂಗ್ ಓದಲು ಹೋದರು. ಕಾಲೇಜಿನ ಹುಡುಗರಿಗೆ ಕನ್ನಂಬಾಡಿಯ ಕಟ್ಟೆಯ ಕಥೆ ಗೊತ್ತು; ಆ ಮನೆಪಾಠದ ಕಥೆ ಅಷ್ಟಾಗಿ ಗೊತ್ತಿಲ್ಲ. ನನಗಂತೂ ಆ ದಿನಗಳಲ್ಲಿ ಕಟ್ಟೆಗಿಂತ ಪಾಠವೇ ಹೆಚ್ಚು ಧೈರ್ಯ ಕೊಟ್ಟಿತು.

ಧೈರ್ಯವೇನೋ ಬಂತು, ಕೆಲಸ ಬರಬೇಕಲ್ಲ! ಅಂಗಡಿಗಳಲ್ಲಿ ಕೇಳಿದೆ. ಯಾರೂ ಗದರಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: “ಯಾರ ಕಡೆಯೋನಪ್ಪಾ?” ನಾನು ಯಾರ ಕಡೆಯವನೂ ಆಗಿರಲಿಲ್ಲ.

ಈ ಪ್ರಶ್ನೆ ಅಷ್ಟೇನೂ ಮುಗ್ಧವಾದದ್ದಲ್ಲವೆಂಬುದನ್ನೂ ಹೇಳಬೇಕು. ‘ಕಡೆ’ ಎಂದರೆ ಎಷ್ಟೋ ಸಲ ಜಾತಿ. ನನ್ನ ಜೊತೆಯ ಹುಡುಗನೊಬ್ಬ ಬಾಡಿಗೆಯ ಕೋಣೆ ಕೇಳಲು ಹೋದಾಗ ಇದೇ ಪ್ರಶ್ನೆ ಬಂತು. ಉತ್ತರ ಕೇಳಿದ ಮೇಲೆ ಕೋಣೆ ಆಗಲೇ ಕೊಟ್ಟಾಗಿದೆ ಎಂದರು. ಮರುವಾರ ಆ ಕೋಣೆಗೆ ಬೀಗವೇ ಇತ್ತು. ಹಿಂದಿನವರು ವಾರಾನ್ನದ ಮನೆಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದುಂಟು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರ ಋಣ ದೊಡ್ಡದೇ. ಆದರೆ ಆ ಏಳು ಬಾಗಿಲುಗಳು ಎಲ್ಲ ಹುಡುಗರಿಗೂ ತೆರೆಯುತ್ತಿರಲಿಲ್ಲ.

ನನಗೊಂದು ‘ಕಡೆ’ ದೊರಕಿದ್ದು ಮುದ್ದೆ ಹೋಟೆಲಿನಲ್ಲಿ. ಅನ್ನ ಉಂಡು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆ ಕಲಿಸಿದವರು ಆ ಹೋಟೆಲಿನ ಅಮ್ಮ. ಊಟ ಬರೆಸಿ ಉಣ್ಣುತ್ತಿದ್ದೆ. ತಿಂಗಳ ಮೊದಲ ವಾರ ಲೆಕ್ಕ ತೀರಿಸುತ್ತಿದ್ದೆ. ಪೂರಾ ತೀರಿಸಲಾಗದ ತಿಂಗಳು, ಅವರು ಕೇಳುವ ಮೊದಲೇ ಹೋಗಿ ಇಷ್ಟು ಬಾಕಿ ಎಂದು ಹೇಳುತ್ತಿದ್ದೆ. ಅದನ್ನು ಅವರು ಗಮನಿಸಿದ್ದರೆಂದು ನನಗೆ ತಿಳಿಯದು. ರಸ್ತೆಯ ಮಗ್ಗುಲಲ್ಲಿ ಎಸ್.ಟಿ.ಡಿ. ಬೂತ್ ಇಟ್ಟಿದ್ದವರು ಒಂದು ದಿನ ಊಟಕ್ಕೆ ಬಂದಾಗ ಅಮ್ಮ ಸಾರು ಬಡಿಸುತ್ತಲೇ, “ರಾತ್ರಿ ಕೂರಕ್ಕೆ ಹುಡುಗ ಬೇಕು ಅಂತಿದ್ದಲ್ಲ, ಇವನ್ನ ಇಟ್ಕೊ. ನಮ್ಮ ಹುಡುಗ, ಲೆಕ್ಕದಲ್ಲಿ ಸರಿಯಾಗವ್ನೆ” ಎಂದರು. ಅಷ್ಟೇ. ನನ್ನ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ಸಂಜೆ ಏಳರಿಂದ ಹನ್ನೊಂದರ ತನಕ ಕೂರಬೇಕು. ತಿಂಗಳಿಗೆ 500 ರೂಪಾಯಿ. ರಾತ್ರಿ ಹೊತ್ತೇರಿದಂತೆ ದೂರದ ಕರೆಗಳ ದರ ಇಳಿಯುತ್ತಿತ್ತು. ಆದ್ದರಿಂದ ಬಡವರ ಮಾತುಕತೆಯೆಲ್ಲ ತಡವಾಗಿ ಶುರುವಾಗುತ್ತಿತ್ತು. ಕೋರೆಯಲ್ಲಿ ದುಡಿಯಲು ಬಂದವರು, ಲಾರಿಯ ಚಾಲಕರು, ನಮ್ಮ ಕಾಲೇಜಿನ ಹುಡುಗರು ಸಾಲಾಗಿ ನಿಲ್ಲುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಹೊಕ್ಕು, ಕೆಂಪು ಅಂಕೆಗಳು ಓಡುವುದನ್ನು ನೋಡುತ್ತ ಅವರವರ ಭಾಷೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ: ಊಟ ಆಯಿತು, ಚೆನ್ನಾಗಿದ್ದೇನೆ, ಚಿಂತೆ ಬೇಡ. ನಾನೂ ಭಾನುವಾರ ಅದನ್ನೇ ಹೇಳುತ್ತಿದ್ದೆ. ಊರಿನಲ್ಲಿ ಹೊಸಬ ನಾನೊಬ್ಬನೇ ಎಂದು ಕೊರಗುತ್ತಿದ್ದವನಿಗೆ, ಅರ್ಧ ಊರೇ ಹೊಸಬರದೆಂದು ಆ ಸ್ಟೂಲಿನ ಮೇಲೆ ಕುಳಿತಾಗ ತಿಳಿಯಿತು.

ಒಂದು ಕೆಲಸ ಇನ್ನೊಂದನ್ನು ಕರೆತಂದಿತು. ಬೂತಿನವರ ಮಗಳಿಗೆ ಎಸ್.ಎಸ್.ಎಲ್.ಸಿ.ಯ ಬೀಜಗಣಿತ ಹೇಳಿಕೊಟ್ಟೆ. ಅವಳು ತೇರ್ಗಡೆಯಾದ ಮೇಲೆ ಅದೇ ಬೀದಿಯ ನಾಲ್ಕು ಮಕ್ಕಳು ಬಂದರು. ಕೊನೆಯ ವರ್ಷದ ಫೀಜಿಗೆ ಅಪ್ಪ ಸಾಲ ಮಾಡಬೇಕಾಗಲಿಲ್ಲ. “ಮೇಷ್ಟ್ರೇ” ಎಂದು ಕರೆಸಿಕೊಂಡ ಸುಖವಂತೂ ಆ ಲೆಕ್ಕದಲ್ಲಿ ಸೇರಿಲ್ಲ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆ ಗುರುತೇ ಸಿಕ್ಕದಷ್ಟು ಅಗಲವಾಯಿತು. ಬೂತುಗಳು ಹೋದವು. ಈಗ ಕೆಲಸ ಬೇಕಾದ ವಿದ್ಯಾರ್ಥಿ ಫೋನಿನಲ್ಲಿ ಹೆಸರು ನೋಂದಾಯಿಸಿ, ಬೆನ್ನಿಗೆ ಚೀಲ ಏರಿಸಿ, ಮನೆಮನೆಗೆ ಊಟ ಮುಟ್ಟಿಸುತ್ತಾನೆ. ಆ ಫೋನು ‘ಯಾರ ಕಡೆಯವನು’ ಎಂದು ಕೇಳುವುದಿಲ್ಲ. ಕೋಣೆ ಸಿಕ್ಕದ ನನ್ನ ಗೆಳೆಯನನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಆದರೆ ಅವನಿಗೆ ಜ್ವರ ಬಂದು ಮಲಗಿದ ದಿನ, ನಮ್ಮ ಹುಡುಗ ಯಾಕೆ ಬಂದಿಲ್ಲವೆಂದು ಫೋನು ವಿಚಾರಿಸುವುದೂ ಇಲ್ಲ. ಹೋಟೆಲಿನ ಅಮ್ಮ ವಿಚಾರಿಸುತ್ತಿದ್ದರು. ಗಂಜಿಯನ್ನೂ ಕಳಿಸುತ್ತಿದ್ದರು, ಬರೆದುಕೊಳ್ಳುತ್ತಲೂ ಇದ್ದರು.

ಬರೆದುಕೊಂಡದ್ದೇ ಒಳ್ಳೆಯದಾಯಿತು. ಪುಕ್ಕಟೆಯಾಗಿದ್ದರೆ ಎರಡನೆಯ ಸಲ ಕೇಳಲು ನನಗೆ ನಾಲಗೆ ಏಳುತ್ತಿರಲಿಲ್ಲ. ಓದುವ ಹುಡುಗನಿಗೆ ಬೇಕಾದದ್ದು ದಾನವಲ್ಲ. ದುಡಿದು ತೀರಿಸಬಹುದಾದ ಒಂದು ಲೆಕ್ಕ, ಮತ್ತು ಅವನ ಪರವಾಗಿ ಯಾರಾದರೂ ಆಡುವ ಒಂದು ಮಾತು. ನಿಮ್ಮ ಬೀದಿಯ ಅಂಗಡಿಯಲ್ಲೂ ಗುರುತಿಲ್ಲದ ಹುಡುಗನೊಬ್ಬ ಕೆಲಸ ಕೇಳುತ್ತ ನಿಂತಿರಬಹುದು. ಅವನ ಜಾತಿ ನಿಮಗೆ ತಿಳಿಯಬೇಕಾಗಿಲ್ಲ. ನಾಲ್ಕು ತಿಂಗಳು ಅವನ ನಡತೆಯನ್ನು ಕಂಡವರಾಗಿದ್ದರೆ, ನಮ್ಮ ಹುಡುಗ ಎಂದು ಅಂಗಡಿಯವನಿಗೆ ಹೇಳಿಬಿಡಿ.