ಹತ್ತು ಬೆರಳು, ಒಂದು ಭೂತಗನ್ನಡಿ: ಕೆಲವು ಟಿಪ್ಪಣಿಗಳು

ಪತ್ರಿಕೆಯ ಅಪರಾಧ ಸುದ್ದಿಗಳ ಕೊನೆಯ ಸಾಲು ನಮಗೆಲ್ಲ ಬಾಯಿಪಾಠ: ‘ಸ್ಥಳಕ್ಕೆ ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲನೆ ನಡೆಸಿದರು.’ ನಾಯಿ ಏನು ಮಾಡಿತು ಎಂಬುದು ಒಮ್ಮೊಮ್ಮೆ ವಿವರವಾಗಿಯೇ ಬರುತ್ತದೆ. ಹಿತ್ತಲಿನಿಂದ ಹೊರಟು ಬಸ್ ನಿಲ್ದಾಣದವರೆಗೆ ಓಡಿ ಅಲ್ಲಿ ನಿಂತಿತಂತೆ. ಅದರ ಹೆಸರೂ ಅಚ್ಚಾಗುತ್ತದೆ. ತಜ್ಞರು ಏನು ಮಾಡಿದರು, ಆ ಕೆಲಸ ಮುಂದೆ ಏನಾಯಿತು ಎಂಬುದರ ಬಗ್ಗೆ ಮಾತ್ರ ಚಕಾರವಿಲ್ಲ. ತಂಗಿಯ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಇದೇ ಕೆಲಸದ ತರಬೇತಿಗೆ ಸೇರಿದ ಮೇಲೆ ನನಗೆ ಆ ಸಾಲು ಕಣ್ಣಿಗೆ ಚುಚ್ಚತೊಡಗಿತು. ಅವಳು ಊರಿಗೆ ಬಂದಾಗಲೆಲ್ಲ ಕೇಳಿ, ಸ್ವಲ್ಪ ಓದಿ, ಅರ್ಥವಾದಷ್ಟನ್ನೂ ಆಗದ್ದನ್ನೂ ಇಲ್ಲಿ ಗುರುತು ಹಾಕಿಕೊಂಡಿದ್ದೇನೆ.

*

ಮೊದಲ ಗೊಂದಲ, ಈ ಕೆಲಸ ಇರುವುದು ಎಲ್ಲಿ? ವಿಷ, ರಕ್ತ, ಡಿಎನ್ಎ ಎಲ್ಲ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತವೆ. ಬೆರಳಚ್ಚು ಮಾತ್ರ ಹಳೆಯ ಕಾಲದಿಂದ ಪೊಲೀಸ್ ಇಲಾಖೆಯ ಒಳಮನೆಯಲ್ಲೇ, ಅದರದೇ ಒಂದು ಬ್ಯೂರೋದಲ್ಲಿ ಉಳಿದುಕೊಂಡಿದೆ. ರಾಜ್ಯಗಳ ಇಂಥ ಬ್ಯೂರೋಗಳಿಗೆಲ್ಲ ಮೇಲೆ ದೆಹಲಿಯಲ್ಲಿ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಡಿಯಲ್ಲಿ, ಕೇಂದ್ರ ಬೆರಳಚ್ಚು ಬ್ಯೂರೋ. ಅದು ಅಖಿಲ ಭಾರತ ಮಟ್ಟದ ಪರೀಕ್ಷೆಯೊಂದನ್ನು ನಡೆಸುತ್ತದೆ. ಅದರಲ್ಲಿ ಪಾಸಾದವರು ತಜ್ಞರು, ಅಲ್ಲಿಯವರೆಗೆ ಕಲಿಯುವವರು. ವಿಶ್ವವಿದ್ಯಾಲಯದ ಪದವಿ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತದೆ, ಅಷ್ಟೆ.

ಕೆಲಸ ಸಿಗುತ್ತದೆಯೇ ಎಂದು ಹೆತ್ತವರು ಕೇಳುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯಾಗಬಹುದಾದ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವು ಇದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರ ಜನವರಿಯಲ್ಲೇ ಅಡಿಗಲ್ಲು ಬಿದ್ದಿದೆ. ಕಾನೂನು ಜನ ಬೇಕು ಎನ್ನುತ್ತಿದೆ. ಹಣಕಾಸು ಇಲಾಖೆ ಯಾವಾಗ ಹೂಂ ಎನ್ನುತ್ತದೆ ಎಂಬುದು ಬೇರೆ ಟಿಪ್ಪಣಿಗೆ ವಿಷಯ.

*

ನಾವು ಚಿಕ್ಕವರಿದ್ದಾಗ ಬೆರಳ ತುದಿಯ ಚಕ್ರ ಎಣಿಸುತ್ತಿದ್ದೆವು. ಗೆರೆಗಳು ಸುತ್ತಿಕೊಂಡಿದ್ದರೆ ಚಕ್ರ, ಒಂದು ಪಕ್ಕಕ್ಕೆ ಬಾಗಿ ಹರಿದು ಹೋಗಿದ್ದರೆ ಶಂಖ. ಹತ್ತೂ ಬೆರಳಲ್ಲಿ ಚಕ್ರ ಇದ್ದವನು ರಾಜನಾಗುತ್ತಾನೆ ಎನ್ನುತ್ತಿದ್ದಳು ಅಜ್ಜಿ. ನಮ್ಮ ಕೇರಿಯಲ್ಲಿ ಯಾರೂ ಆಗಲಿಲ್ಲ.

ಬೆರಳಚ್ಚಿನ ಪಾಠ ಶುರುವಾಗುವುದೂ ಇದೇ ಎಣಿಕೆಯಿಂದ ಎಂದು ತಿಳಿದಾಗ ನನಗೆ ನಗು ಬಂತು. ಅವರ ಲೆಕ್ಕದಲ್ಲಿ ಕಮಾನು, ಕುಣಿಕೆ, ಸುಳಿ ಎಂದು ಮೂರು ಮುಖ್ಯ ಬಗೆ. ಅಜ್ಜಿಯ ಶಂಖ ಇವರ ಕುಣಿಕೆ, ಅಜ್ಜಿಯ ಚಕ್ರ ಇವರ ಸುಳಿ. ಜಗತ್ತಿನ ಬೆರಳುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತರಿಂದ ಅರವತ್ತೈದು ಕುಣಿಕೆ, ಮೂವತ್ತರ ಆಸುಪಾಸು ಸುಳಿ, ಐದರಷ್ಟು ಕಮಾನು.

ಈಗ ಲೆಕ್ಕ. ಬಲ ಹೆಬ್ಬೆರಳಿನಿಂದ ಶುರುಮಾಡಿ ಎಡಗೈ ಕಿರುಬೆರಳಿನವರೆಗೆ ಒಂದರಿಂದ ಹತ್ತು ಎಂದು ಸಂಖ್ಯೆ ಕೊಡಬೇಕು. ಎರಡೆರಡು ಬೆರಳಿಗೆ ಒಂದು ಬೆಲೆ: ಮೊದಲ ಜೋಡಿಗೆ 16, ಆಮೇಲೆ 8, 4, 2, 1. ಬೆಲೆ ಸಿಗುವುದು ಸುಳಿ ಇದ್ದರೆ ಮಾತ್ರ, ಇಲ್ಲದಿದ್ದರೆ ಸೊನ್ನೆ. ಸರಿಸಂಖ್ಯೆಯ ಬೆರಳುಗಳ ಮೊತ್ತಕ್ಕೆ ಒಂದು ಸೇರಿಸಿ ಮೇಲೆ ಬರೆಯಬೇಕು. ಬೆಸಸಂಖ್ಯೆಯವುಗಳ ಮೊತ್ತಕ್ಕೆ ಒಂದು ಸೇರಿಸಿ ಕೆಳಗೆ. ನನ್ನ ಕೈಯಲ್ಲಿ ಬಲ ಹೆಬ್ಬೆರಳಿಗೆ ಸುಳಿ ಇದೆ, ಬಲಗೈ ಉಂಗುರ ಬೆರಳಿಗಿದೆ, ಉಳಿದೆಲ್ಲ ಕುಣಿಕೆ. ಮೇಲೆ 8ಕ್ಕೆ ಒಂದು ಸೇರಿ 9, ಕೆಳಗೆ 16ಕ್ಕೆ ಒಂದು ಸೇರಿ 17. ಅಂದರೆ ನಾನು 9/17. ಒಂದೂ ಸುಳಿ ಇಲ್ಲದವರು 1/1. ಅಜ್ಜಿಯ ರಾಜ 32/32.

ಮೇಲೆ ಮೂವತ್ತೆರಡು, ಕೆಳಗೆ ಮೂವತ್ತೆರಡು, ಒಟ್ಟು 1,024 ಗೂಡು. ಲಕ್ಷಗಟ್ಟಲೆ ಕಾಗದಗಳ ರಾಶಿಯಲ್ಲಿ ಒಬ್ಬನ ಹಾಳೆಯನ್ನು ಹುಡುಕಬೇಕಾದರೆ ನೇರವಾಗಿ ಅವನ ಗೂಡಿಗೆ ಕೈ ಹಾಕಬಹುದು. ಗೂಡು ದೊಡ್ಡದಾದರೆ ಒಳಗೆ ಮತ್ತಷ್ಟು ವಿಂಗಡಣೆ: ಕುಣಿಕೆಯ ನಡುವಿನಿಂದ ಪಕ್ಕದ ಮುಕ್ಕೋಣದವರೆಗೆ ಎಷ್ಟು ಗೆರೆ ದಾಟುತ್ತವೆ ಎಂದು ಸೂಜಿಮೊನೆಯಲ್ಲಿ ಎಣಿಸುವುದು. ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಆದರೂ ಹೊಸಬರು ಕೈಯಿಂದ ಎಣಿಸಿಯೇ ಕಲಿಯಬೇಕು. ಯಾಕೆ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: “ಕಣ್ಣು ಪಳಗಬೇಕಲ್ರಿ ಮಾಮಾ.”

*

ಈ ಗೂಡುಗಳ ಲೆಕ್ಕಕ್ಕೆ ‘ಹೆನ್ರಿ ಪದ್ಧತಿ’ ಎಂದು ಹೆಸರು. ಎಡ್ವರ್ಡ್ ಹೆನ್ರಿ ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದವರು. ಗಣಿತ ಹೊಂದಿಸಿದವರು ಅವರ ಕೈಕೆಳಗಿನ ಅಜೀಜುಲ್ ಹಕ್. ಜತೆಗೆ ದುಡಿದವರು ಹೇಮಚಂದ್ರ ಬೋಸ್. ಇದೇ ತಳಹದಿಯ ಮೇಲೆ 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ತೆರೆಯಿತು. ಸ್ಕಾಟ್‌ಲ್ಯಾಂಡ್ ಯಾರ್ಡ್‌ಗೆ ಅಂಥ ಬ್ಯೂರೋ ಬಂದದ್ದು 1901ರಲ್ಲಿ. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಸಿಕ್ಕಿತು, ಹೆಸರು ಹೆನ್ರಿಯದಾಯಿತು. ದೊಡ್ಡ ಸಾಹೇಬರ ಸಹಿಯಡಿ ಗುಮಾಸ್ತರ ಕೆಲಸ ಹೋಗುವುದನ್ನು ನಮ್ಮ ಯಾವ ಕಚೇರಿಯವರಿಗೂ ವಿವರಿಸಿ ಹೇಳಬೇಕಿಲ್ಲ.

ಅದಕ್ಕೂ ಮೊದಲು, 1858ರಲ್ಲಿ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆದಾರ ರಾಜ್ಯಧರ ಕೊನಾಯಿಯ ಇಡೀ ಅಂಗೈಯನ್ನು ಕರಾರಿನ ಮೇಲೆ ಒತ್ತಿಸಿಕೊಂಡಿದ್ದ. ಮುಂದೆ ‘ಇದು ನನ್ನ ಸಹಿಯಲ್ಲ’ ಎನ್ನದಂತೆ ಹೆದರಿಸುವ ಉಪಾಯ, ಅಷ್ಟೆ. ನಮ್ಮಲ್ಲಿ ಹೆಬ್ಬೆಟ್ಟು ಓದು ಬಾರದವರ ಗುರುತಾಯಿತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಡಾಕ್ಟರೂ ಪ್ರೊಫೆಸರೂ ಸಾಲಿನಲ್ಲಿ ನಿಂತು ಬೆರಳು ಒತ್ತುತ್ತಾರೆ.

*

1898ರ ಜಲ್ಪಾಯಿಗುಡಿಯ ಕತೆ ಈ ಕೆಲಸಕ್ಕೆ ಸೇರುವವರೆಲ್ಲ ಓದುವಂಥದ್ದು. ಚಹಾ ತೋಟದ ಮ್ಯಾನೇಜರನ ಕೊಲೆಯಾಗಿತ್ತು, ಪೆಟ್ಟಿಗೆ ಲೂಟಿಯಾಗಿತ್ತು. ಸಿಕ್ಕಿದ್ದು ಒಂದು ಬಂಗಾಳಿ ಪಂಚಾಂಗ, ಅದರ ಮೇಲೆ ಮಾಸಿದ ಕಂದು ಕಲೆ. ಅದು ಹಿಂದೆ ಅಲ್ಲೇ ಆಳಾಗಿದ್ದ, ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಕಾಂಗಾಲಿ ಚರಣನ ಬಲ ಹೆಬ್ಬೆಟ್ಟಿಗೆ ತಾಳೆಯಾಯಿತು. ನನ್ನನ್ನು ತಡೆದು ನಿಲ್ಲಿಸಿದ್ದು ತೀರ್ಪು. ಕಳ್ಳತನಕ್ಕೆ ಶಿಕ್ಷೆ ಕೊಟ್ಟರು, ಕೊಲೆ ಆರೋಪದಿಂದ ಬಿಟ್ಟರು. ಅವನು ಪಂಚಾಂಗ ಮುಟ್ಟಿದ್ದು ನಿಜ. ಕತ್ತಿ ಹಿಡಿದಿದ್ದನೆಂದು ಪಂಚಾಂಗ ಹೇಳಲಾರದು.

ಇಷ್ಟು ಜಿಪುಣತನದ ಸಾಕ್ಷಿಯನ್ನು ನಾನು ಬೇರೆ ಕಂಡಿಲ್ಲ. ‘ಇವನು ಇದನ್ನು ಮುಟ್ಟಿದ್ದಾನೆ’ ಎನ್ನುತ್ತದೆ, ಬಾಯಿ ಮುಚ್ಚುತ್ತದೆ. ಯಾವಾಗ ಮುಟ್ಟಿದ, ಯಾಕೆ ಮುಟ್ಟಿದ, ಅದಕ್ಕೆ ಉತ್ತರವಿಲ್ಲ. ಹಿಂದಿನ ವಾರ ಗ್ಯಾಸ್ ಸಿಲಿಂಡರ್ ಇಳಿಸಿ ಹೋದವನ ಬೆರಳೂ ಅಡುಗೆಮನೆ ಬಾಗಿಲಲ್ಲಿ ಇದ್ದೀತು. ಸಿನಿಮಾದಲ್ಲಿ ‘ಬೆರಳಚ್ಚು ಸಿಕ್ಕಿತು, ಇವನೇ ಕೊಲೆಗಾರ’ ಎನ್ನುವಾಗ ಇನ್‌ಸ್ಪೆಕ್ಟರ್ ಪಾತ್ರದವರು ಇಷ್ಟೊಂದು ಖುಷಿಪಡುವುದು ಯಾಕೋ!

*

ಸಾಮಾನು. ಕಪ್ಪು ಮೇಲ್ಮೈಗೆ ಬಿಳಿ ಪುಡಿ, ಬೆಳ್ಳಗಿನದಕ್ಕೆ ಕಪ್ಪು ಪುಡಿ, ಮೆತ್ತನೆಯ ಬ್ರಷ್, ಎತ್ತಿಕೊಳ್ಳಲು ಪಾರದರ್ಶಕ ಟೇಪು. ಕಾಗದವಾದರೆ ನಿನ್‌ಹೈಡ್ರಿನ್, ಬೆವರಿನ ಅಮೈನೊ ಆಮ್ಲ ಅದಕ್ಕೆ ತಾಗಿ ಗೆರೆಗಳು ನೇರಳೆ ಬಣ್ಣದಲ್ಲಿ ಏಳುತ್ತವೆ. ಪ್ಲಾಸ್ಟಿಕ್ಕಿಗೆ ನಮ್ಮ ಫೆವಿಕ್ವಿಕ್ ಜಾತಿಯ ಅಂಟಿನ ಆವಿ.

ಹೆಣದ ಬೆರಳಚ್ಚು ತೆಗೆಯುವುದೂ ಇದೇ ಹುದ್ದೆಯ ಪಾಲು. ಕೆರೆಯಲ್ಲಿ ಸಿಕ್ಕ ಗುರುತಿಲ್ಲದ ದೇಹದ ಬೆರಳ ತುದಿ ಸುಕ್ಕುಗಟ್ಟಿರುತ್ತದೆ. ಸಿರಿಂಜಿನಲ್ಲಿ ದ್ರವ ತುಂಬಿ ಉಬ್ಬಿಸಿ ಅಚ್ಚು ತೆಗೆಯುತ್ತಾರೆ. ಚರ್ಮ ಸುಲಿದು ಬರುವಂತಿದ್ದರೆ ಅದನ್ನು ಬಿಡಿಸಿ, ಗ್ಲೌಸ್ ಹಾಕಿದ ತಮ್ಮ ಬೆರಳಿಗೆ ಟೋಪಿಯಂತೆ ತೊಡಿಸಿಕೊಂಡು, ಸತ್ತವನ ಪರವಾಗಿ ತಾವೇ ಒತ್ತುತ್ತಾರೆ. ಇದನ್ನು ಕೇಳಿದ ತಂಗಿ ಎದ್ದು ಒಳಗೆ ಹೋದಳು. ಮಗಳು ಚಿತ್ರಾನ್ನ ತಿನ್ನುತ್ತಲೇ ಇದ್ದಳು.

*

2022ರಿಂದ ನಾಫಿಸ್ ಎಂಬ ರಾಷ್ಟ್ರಮಟ್ಟದ ವ್ಯವಸ್ಥೆ ಬಂದಿದೆ. ಬಂಧಿತರ ಬೆರಳಚ್ಚುಗಳಿಗೆ ಹತ್ತು ಅಂಕಿಯ ಸಂಖ್ಯೆ. ಮೊದಲೆರಡು ಅಂಕಿ ರಾಜ್ಯದ್ದು. ಬೀದರಿನಲ್ಲಿ ಸಿಕ್ಕ ಗುರುತನ್ನು ಬೇರೆ ರಾಜ್ಯದ ದಾಖಲೆಯ ಜತೆ ಕೂತಲ್ಲೇ ಹೋಲಿಸಬಹುದು. ಹಾಗಾದರೆ ಮನುಷ್ಯ ಯಾಕೆ ಎಂದು ಕೇಳಿದೆ.

“ಯಂತ್ರ ಹೆಸರು ಹೇಳಂಗಿಲ್ಲ ಮಾಮಾ, ಬರೇ ಪಟ್ಟಿ ಕೊಡ್ತದ. ಇವರಾಗಿರಬೌದು, ಇಲ್ಲಾ ಅವರಾಗಿರಬೌದು ಅಂತ. ಹೌದೋ ಅಲ್ಲೋ ಅನ್ನೂದು ನಾವು.”

ಪಟ್ಟಿ ದೊಡ್ಡದಾದಷ್ಟೂ ಅಪಾಯ ದೊಡ್ಡದು ಎಂಬುದು ಆಮೇಲೆ ಓದಿ ತಿಳಿದದ್ದು. 2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದಾಗ ಡಿಟೊನೇಟರ್ ಇದ್ದ ಪ್ಲಾಸ್ಟಿಕ್ ಚೀಲದ ಮೇಲಿನ ಗುರುತನ್ನು ಅಮೆರಿಕದ ಎಫ್‌ಬಿಐ ತನ್ನ ಕಂಪ್ಯೂಟರಿನಲ್ಲಿ ಹುಡುಕಿತು. ಬಂದ ಪಟ್ಟಿಯಲ್ಲಿ ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಹೆಸರಿತ್ತು. ಗೆರೆಗಳು ನಿಜಕ್ಕೂ ಬಹಳ ಹೋಲುತ್ತಿದ್ದವು. ಒಬ್ಬರಾದ ಮೇಲೊಬ್ಬರಂತೆ ಎಫ್‌ಬಿಐ ಪರೀಕ್ಷಕರು ‘ಇವನದೇ’ ಎಂದರು. ನ್ಯಾಯಾಲಯ ನೇಮಿಸಿದ ಹೊರಗಿನ ತಜ್ಞನೂ ಹೌದೆಂದ. ಸ್ಪೇನಿನ ಪೊಲೀಸರು ಮಾತ್ರ ಒಪ್ಪದೆ ಹುಡುಕುತ್ತಲೇ ಇದ್ದು, ಕೊನೆಗೆ ಅಲ್ಜೀರಿಯಾದ ಬೇರೊಬ್ಬನ ಬೆರಳೆಂದು ತೋರಿಸಿದರು. ಮೇಫೀಲ್ಡ್ ಅಷ್ಟರಲ್ಲಿ ಎರಡು ವಾರ ಬಂಧನದಲ್ಲಿ ಕಳೆದಿದ್ದ. ಸರ್ಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಕೊಟ್ಟಿತು.

ಇದಕ್ಕಿಂತ ನನ್ನ ತಲೆ ಕೆಡಿಸಿದ್ದು 2006ರಲ್ಲಿ ಪ್ರಕಟವಾದ ಇಟಿಯೆಲ್ ಡ್ರೋರ್ ಅವರ ಪುಟ್ಟ ಪ್ರಯೋಗ. ಅನುಭವಿ ತಜ್ಞರು ಐವರು. ಹಿಂದೆ ತಾವೇ ‘ತಾಳೆಯಾಗುತ್ತದೆ’ ಎಂದು ಬರೆದಿದ್ದ ಜೋಡಿಯನ್ನು ಅವರಿಗೆ ಮತ್ತೆ ತೋರಿಸಿ, ‘ಎಫ್‌ಬಿಐ ಎಡವಿದ್ದು ಇದರಲ್ಲೇ’ ಎಂದು ಸುಳ್ಳು ಹೇಳಿದರು. ಮೂವರು ‘ತಾಳೆಯಿಲ್ಲ’ ಎಂದರು, ಒಬ್ಬರು ‘ಹೇಳಲಾಗದು’ ಎಂದರು. ಮಾತು ಬದಲಿಸದವರು ಒಬ್ಬರೇ. ಬೆರಳಿನ ಗೆರೆ ಬದಲಾಗಿರಲಿಲ್ಲ, ಕಿವಿಗೆ ಬಿದ್ದದ್ದು ಬದಲಾಗಿತ್ತು.

ಇಡೀ ವಿದ್ಯೆಯೇ ಬೊಗಳೆ ಎಂದು ಹೊರಡುವವರಿಗೆ ಇನ್ನೊಂದು ಲೆಕ್ಕವೂ ಗೊತ್ತಿರಲಿ. 2011ರಲ್ಲಿ ಅಮೆರಿಕದ 169 ಪರೀಕ್ಷಕರನ್ನು ಒರೆಗೆ ಹಚ್ಚಿದಾಗ, ಬೇರೆಯವರ ಬೆರಳನ್ನು ‘ಇವನದೇ’ ಎಂದ ತಪ್ಪು ಶೇ 0.1. ಅವನದೇ ಬೆರಳನ್ನು ‘ಅಲ್ಲ’ ಎಂದ ತಪ್ಪು ಶೇ 7.5. ತಪ್ಪುವುದಾದರೆ ಬಿಡುವ ಕಡೆಗೆ ತಪ್ಪುತ್ತಾರೆ. ನನ್ನ ಮಟ್ಟಿಗೆ ಇದು ಸಮಾಧಾನದ ವಿಷಯ.

ಹಾಗಾಗಿ ಹೊಸಬರಿಗೆ ಮೊದಲು ಹೇಳಿಕೊಡಬೇಕಾದ್ದು ಮೂರನೆಯ ಉತ್ತರ: ಈ ಗುರುತಿನಿಂದ ಏನೂ ಹೇಳಲಾಗದು. ಅರ್ಧ ಅಳಿಸಿದ, ಜಾರಿದ, ಒಂದರ ಮೇಲೊಂದು ಬಿದ್ದ ಗುರುತುಗಳೇ ಸ್ಥಳದಲ್ಲಿ ಸಿಗುವುದು ಹೆಚ್ಚು. ಹಾಗೆ ಬರೆದರೆ ಸಾಹೇಬರು ಸಿಟ್ಟಾಗುವುದಿಲ್ಲವೇ ಎಂದೆ. “ಆಗ್ಲಿ ಬಿಡ್ರಿ ಮಾಮಾ. ಕೋರ್ಟಿನ್ಯಾಗ ನಿಂದ್ರೂದು ನಾವೇ ಅಲಾ.” ಅವಳಿನ್ನೂ ಕಟಕಟೆ ಹತ್ತಿಲ್ಲ. ತಜ್ಞರ ಹೇಳಿಕೆ ಕಾನೂನಿನ ಕಣ್ಣಲ್ಲಿ ಅಭಿಪ್ರಾಯ, ತೀರ್ಪು ನ್ಯಾಯಾಧೀಶರದು. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39 ಆಗಿದೆ, ಆದರೆ ಆ ಮಾತು ಅಲ್ಲಿಯೂ ಹಾಗೇ ಇದೆ.

*

ಕೊನೆಯ ಗೊಂದಲ ನ್ಯಾಯಬೆಲೆ ಅಂಗಡಿಯದು. ತಾಯಿಯ ಹೊಟ್ಟೆಯಲ್ಲಿ ಮೂರು-ನಾಲ್ಕನೇ ತಿಂಗಳಲ್ಲಿ ಮೂಡಿದ ಗೆರೆ ಸಾಯುವವರೆಗೂ ಬದಲಾಗದು ಎನ್ನುತ್ತದೆ ಶಾಸ್ತ್ರ. ಗಾರೆ ಕೆಲಸದ ಮುದುಕ, ಅಡಿಕೆ ಸುಲಿಯುವ ಹೆಂಗಸು ಅಕ್ಕಿಗೆ ಬಂದು ಬೆರಳಿಟ್ಟರೆ ಯಂತ್ರ ಒಪ್ಪುವುದಿಲ್ಲ. ಒರೆಸಿ ಇಡಿ, ಇನ್ನೊಂದು ಬೆರಳು ಇಡಿ, ನಾಳೆ ಬನ್ನಿ. ಎರಡೂ ಸುಳ್ಳಲ್ಲವಂತೆ: ಗೆರೆಯ ವಿನ್ಯಾಸ ಹಾಗೇ ಇರುತ್ತದೆ, ಮೇಲ್ಪದರ ಸವೆದಿರುತ್ತದೆ, ಕೈಗೆ ಬಿಡುವು ಸಿಕ್ಕರೆ ಮತ್ತೆ ಏಳುತ್ತದೆ. ಬಿಡುವು ಸಿಗುವ ಕೈಯಾಗಿದ್ದರೆ ಆ ಸಾಲಿನಲ್ಲಿ ಯಾಕೆ ನಿಲ್ಲುತ್ತಿತ್ತು? ಅನುಮಾನದ ಗುರುತೊಂದಕ್ಕೆ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡುವ ಪರೀಕ್ಷಕರು ಕಳ್ಳನ ಬೆರಳಿಗೆ ಇದ್ದಾರೆ. ಅಕ್ಕಿಗೆ ಬಂದವರ ಬೆರಳಿಗೆ ಒಂದು ಕೆಂಪು ದೀಪ.

*

ಓದುಗರಲ್ಲಿ ಒಂದು ಮನವಿ. ಮನೆಯಲ್ಲಿ ಕಳ್ಳತನವಾದರೆ ಬೀರು ಜೋಡಿಸಬೇಡಿ, ನೆಲ ಒರೆಸಬೇಡಿ, ಬಂದ ನೆಂಟರಿಗೆಲ್ಲ ‘ಇಲ್ಲೇ ನೋಡಿ ಮೀಟಿದ್ದು’ ಎಂದು ಬಾಗಿಲು ಮುಟ್ಟಿಸಿ ತೋರಿಸಬೇಡಿ. ಪುಡಿ, ಬ್ರಷ್ಷು ಹಿಡಿದು ಬಂದ ಹುಡುಗಿ ಮನೆಯವರೆಲ್ಲರ ಬೆರಳಚ್ಚು ಕೇಳಿದರೆ ‘ನಮ್ಮನ್ನೇ ಕಳ್ಳರೆಂದುಕೊಂಡಿರಾ’ ಎಂದು ಹರಿಹಾಯಬೇಡಿ. ಅಲ್ಲಿ ಸಿಗುವ ಗುರುತುಗಳಲ್ಲಿ ಹೆಚ್ಚಿನವು ನಿಮ್ಮವೇ ಆಗಿರುತ್ತವೆ. ಅವನ್ನು ಬದಿಗಿಟ್ಟರೆ ಉಳಿದದ್ದನ್ನು ನೋಡಬಹುದು. ಕೈ ತೊಳೆದು, ಒರೆಸಿಕೊಂಡು, ಬೆರಳನ್ನು ಅವಳ ಕೈಗೆ ಸಡಿಲವಾಗಿ ಕೊಡಿ. ನೀವೇ ಒತ್ತಲು ಹೋದರೆ ಅಚ್ಚು ಕಲಸಿಹೋಗುತ್ತದೆ.