ಬ್ರಿಕ್ ಲೇನಿನ ಮೂಲೆಯ ಮಸೀದಿ

ಪೂರ್ವ ಲಂಡನ್ನಿನಲ್ಲಿ ಬ್ರಿಕ್ ಲೇನ್ ಮತ್ತು ಫೋರ್ನಿಯರ್ ಬೀದಿ ಕೂಡುವ ಮೂಲೆಯಲ್ಲೊಂದು ಹಳೆಯ ಇಟ್ಟಿಗೆ ಕಟ್ಟಡವಿದೆ. ಅದಕ್ಕೆ ಗುಮ್ಮಟವಿಲ್ಲ. ಪಕ್ಕದಲ್ಲಿ ಈಚೆಗೆ ನಿಲ್ಲಿಸಿದ ಎತ್ತರದ ಉಕ್ಕಿನ ಸ್ತಂಭ ಇರದಿದ್ದರೆ ಇದು ಮಸೀದಿಯೆಂದು ದಾರಿಹೋಕರಿಗೆ ಗೊತ್ತೇ ಆಗದು.

ಫೋರ್ನಿಯರ್ ಬೀದಿಯ ಕಡೆಯಿಂದ ತಲೆಯೆತ್ತಿ ನೋಡಬೇಕು. ಗೋಡೆಯ ನೆತ್ತಿಯಲ್ಲಿ, ತ್ರಿಕೋನದ ನಡುವೆ ಒಂದು ನೆರಳು ಗಡಿಯಾರ. ಅದರ ಮೇಲೆ 1743 ಎಂಬ ಇಸವಿ, ಜೊತೆಗೆ ನಾವೆಲ್ಲ ನೆರಳು ಎಂಬರ್ಥದ ಲ್ಯಾಟಿನ್ ಬರಹ. ಅದನ್ನು ಕೆತ್ತಿಸಿದವರು ಫ್ರಾನ್ಸಿನಿಂದ ಓಡಿ ಬಂದ ಹ್ಯೂಗೆನೊ ಪ್ರಾಟೆಸ್ಟಂಟರು. 1685ರಲ್ಲಿ ಹದಿನಾಲ್ಕನೇ ಲೂಯಿ ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಸಾವಿರಾರು ಮಂದಿ ದೇಶ ಬಿಟ್ಟರು. ಅವರಲ್ಲಿ ಅನೇಕ ರೇಷ್ಮೆ ನೇಕಾರರು ಇಲ್ಲಿ ನೆಲೆಯೂರಿದರು. ಇದೇ ಬೀದಿಯ ಮನೆಗಳ ಅಟ್ಟದಲ್ಲಿ ಇಂದಿಗೂ ಅಗಲವಾದ ಕಿಟಕಿಗಳಿವೆ. ಮಗ್ಗಕ್ಕೆ ಬೆಳಕು ಬೇಕಿತ್ತಲ್ಲ!

ನೇಕಾರರು ಪ್ರಾರ್ಥನೆಗೆಂದು ಕಟ್ಟಿಸಿಕೊಂಡ ಈ ಚಾಪೆಲ್ 1809ರಲ್ಲಿ, ಯೆಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹೊರಟ ಸಂಘವೊಂದರ ಕೈಸೇರಿತು. 1819ರಲ್ಲಿ ಮೆಥೊಡಿಸ್ಟರು ಬಂದರು. ಆಮೇಲೆ ನಡೆದದ್ದು ನನ್ನನ್ನು ಬೆರಗಾಗಿಸುತ್ತದೆ. ರಷ್ಯಾ ಸಾಮ್ರಾಜ್ಯದ ಹಿಂಸೆಗೆ ಬೆದರಿ ಬಂದ ಯೆಹೂದಿಗಳು 1898ರಲ್ಲಿ ಇದೇ ಕಟ್ಟಡವನ್ನು ತಮ್ಮ ಸಿನಗಾಗ್ ಮಾಡಿಕೊಂಡರು! ಅವರನ್ನು ಮತಾಂತರಿಸಲೆಂದು ಹಿಂದೊಮ್ಮೆ ಬಳಸಿದ ಗೋಡೆಗಳ ನಡುವೆಯೇ ಅವರ ಹೀಬ್ರೂ ಪ್ರಾರ್ಥನೆ ದಶಕಗಳ ಕಾಲ ಮೊಳಗಿತು.

ಯೆಹೂದಿಗಳು ಕ್ರಮೇಣ ಉತ್ತರ ಲಂಡನ್ನಿನ ಬಡಾವಣೆಗಳಿಗೆ ಹೋದರು, ಸಿನಗಾಗ್ ಬರಿದಾಯಿತು. ಆ ಹೊತ್ತಿಗೆ ಸುತ್ತಲ ಬೀದಿಗಳಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ತುಂಬಿಕೊಂಡಿದ್ದರು. 1976ರಿಂದ ಇದು ಅವರ ಜಾಮಿಯಾ ಮಸೀದಿ.

ಇಲ್ಲಿ ಯಾರೂ ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಒಬ್ಬರು ಬಿಟ್ಟು ನಡೆದ ಮನೆಗೆ ಇನ್ನೊಬ್ಬರು ಬಂದರು. ಮತ ಬದಲಾದರೂ ಬೀದಿಯ ಕಸುಬು ಬದಲಾಗಲಿಲ್ಲ. ಹ್ಯೂಗೆನೊಗಳು ರೇಷ್ಮೆ ನೇಯ್ದರು, ಯೆಹೂದಿಗಳು ಕೋಟು ಹೊಲಿದರು, ಬಂಗಾಳಿಗಳು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿದರು. ಊರು ಬಿಟ್ಟು ಬಂದವರೆಲ್ಲ ಬಟ್ಟೆಯಿಂದಲೇ ಅನ್ನ ಕಂಡ ಈ ಬೀದಿಯ ಬಗ್ಗೆ ನನಗೆ ಅಪಾರ ಗೌರವ.

ಲಂಡನ್ನಿಗೆ ಹೋದವರು ಅರಮನೆ, ಸೇತುವೆಗಳನ್ನಷ್ಟೇ ನೋಡಿ ಮರಳಬೇಡಿ. ಆಲ್ಡ್‌ಗೇಟ್ ಈಸ್ಟ್ ನಿಲ್ದಾಣದಲ್ಲಿ ಇಳಿದರೆ ಇಲ್ಲಿಗೆ ನಡೆದೇ ಹೋಗಬಹುದು. ದಾರಿಯುದ್ದಕ್ಕೂ ಬೀದಿಯ ಹೆಸರುಗಳು ಬಂಗಾಳಿಯಲ್ಲೂ ಇವೆ.